ಆರನೇ ವರ್ಷದ ಹಲ್ಲು

ಅವಳು ಹಲ್ಲು ಕಟ್ಟುವವಳು. ಡಾಕ್ಟರಲ್ಲ. ಡಾಕ್ಟರುಗಳು ರೋಗಿಯ ಬಾಯಿಂದ ಅಚ್ಚು ತೆಗೆದು ಕಳಿಸುತ್ತಾರೆ. ಇವಳು ಔಷಧದ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಕೂತು ಆ ಅಚ್ಚಿಗೆ ಪ್ಲಾಸ್ಟರ್ ಹೊಯ್ದು, ಮೇಣದ ವಸಡಿನ ಮೇಲೆ ಒಂದೊಂದೇ ಹಲ್ಲು ಕೂರಿಸಿ, ಉಜ್ಜಿ ಹೊಳಪು ಕೊಟ್ಟು, ಡಬ್ಬಿಯಲ್ಲಿಟ್ಟು ವಾಪಸು ಕಳಿಸುತ್ತಾಳೆ. ಹದಿನೇಳು ವರ್ಷದಿಂದ ಇದೇ ಕಸುಬು. ಊರಿನ ಅರ್ಧಕ್ಕರ್ಧ ಜನರ ಮುಖ ನೋಡಿದವಳಲ್ಲ, ಬಾಯಿ ಮಾತ್ರ ಗೊತ್ತು. ಈತ ನಿದ್ದೆಯಲ್ಲಿ ಹಲ್ಲು ಕಡಿಯುತ್ತಾನೆ, ಈಕೆ ಒಂದೇ ಕಡೆಯಲ್ಲಿ ಅಗಿಯುತ್ತಾಳೆ ಎಂದು ಅಚ್ಚು ಕೈಗೆ ಬಂದ ಕೂಡಲೇ ಹೇಳಿಬಿಡುತ್ತಾಳೆ. ಅದಕ್ಕೇ ಏನೋ, ಬಾಯಿಮಾತಿನ ಮೇಲೆ ಅವಳಿಗೆ ನಂಬಿಕೆ ಕಡಿಮೆ.

ಗಂಡ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಕಲಿಯುವವರ ಪಕ್ಕದಲ್ಲಿ ಕೂತು, ತನ್ನ ಕಾಲಡಿಯ ಎರಡನೇ ಬ್ರೇಕಿನ ಮೇಲೆ ಪಾದವಿಟ್ಟುಕೊಂಡೇ ಜೀವನ ಕಳೆದವನು. ಬಸ್ಸಿನಲ್ಲಿ ಕೂತರೂ ಅವನ ಕಾಲು ತಾನಾಗಿ ನೆಲವನ್ನು ಒತ್ತುತ್ತದೆ. ಹೊರಗೆ ಎಷ್ಟು ತಾಳ್ಮೆಯೋ ಮನೆಯಲ್ಲಿ ಅಷ್ಟೇ ಮುಂಗೋಪ. ಗಂಡ ಹೆಂಡಿರ ಜಗಳ ಆ ಬೀದಿಗೆ ಹೊಸದೇನಲ್ಲ. ಎದುರುಮನೆಯವರು ಟೀವಿಯ ಸದ್ದು ತಗ್ಗಿಸಿಕೊಂಡು ಕೇಳುತ್ತಿದ್ದರು.

ಮದುವೆಯಾಗಿ ಹನ್ನೊಂದು ವರ್ಷವಾದರೂ ಮಕ್ಕಳಾಗಲಿಲ್ಲ. ಆಸ್ಪತ್ರೆಗಳ ಮೆಟ್ಟಿಲು ಸವೆಸಿ ಸಾಕಾಗಿ ದತ್ತು ತೆಗೆದುಕೊಳ್ಳೋಣವೆಂದರು. ಇಲ್ಲಿಯ ಸರದಿ ಏಳೆಂಟು ವರ್ಷ ಕಾಯಿಸುತ್ತದೆ ಎಂದು ತಿಳಿದಮೇಲೆ, ಬೇರೆ ದೇಶದಿಂದ ಮಕ್ಕಳನ್ನು ಕೊಡಿಸುವ ಏಜೆನ್ಸಿಯೊಂದರಲ್ಲಿ ಹೆಸರು ಬರೆಸಿದರು. ಅತ್ತೆಗೆ ಇದು ಸುತರಾಂ ಒಪ್ಪಿಗೆಯಿರಲಿಲ್ಲ.

"ಮಗು ತರೋಕೆ ದೇಶ ಬಿಟ್ಟು ದೇಶಕ್ಕೆ ಹೋಗ್ಬೇಕಾ? ಅದೇನು ಕೈಗಡಿಯಾರಾನಾ, ಫಾರಿನ್ನಿಂದು ಅಂತ ನಾಲ್ಕು ಜನಕ್ಕೆ ತೋರಿಸ್ಕೊಂಡು ತಿರುಗೋಕೆ?" ಎಂದು ಮುಖ ಸಿಂಡರಿಸಿಕೊಂಡು ಮಹಡಿಯ ತನ್ನ ಕೋಣೆ ಸೇರಿದವಳು, ಮನೆ ಪರಿಶೀಲನೆಗೆ ಬಂದ ಅಧಿಕಾರಿಯ ಎದುರಿಗೂ ಇಳಿದು ಬರಲಿಲ್ಲ. ಆ ಅಧಿಕಾರಿ ಬೀರು ತೆರೆಸಿ ನೋಡಿದ, ಸೀಮೆಎಣ್ಣೆ, ಮಾತ್ರೆಗಳನ್ನೆಲ್ಲ ಎಲ್ಲಿಡುತ್ತೀರಿ ಎಂದು ಕೇಳಿದ, ಕಿಟಕಿಯ ಸರಳುಗಳ ನಡುವೆ ತನ್ನ ಮುಷ್ಟಿ ತೂರಿಸಿ ಅಳತೆ ಮಾಡಿದ. ಕೊನೆಗೆ ಗಂಡ ಹೆಂಡತಿಯನ್ನು ಬೇರೆ ಬೇರೆ ಕೂರಿಸಿ, "ಜಗಳ ಆದಾಗ ಮೊದಲು ದನಿ ಏರಿಸೋದು ಯಾರು?" ಎಂದು ವಿಚಾರಿಸಿದ. ಇಬ್ಬರೂ ಇನ್ನೊಬ್ಬರ ಕಡೆ ಕೈ ತೋರಿಸಿದರು. ಅವನು ಏನು ಬರೆದುಕೊಂಡನೋ, ಅಂತೂ ಪಾಸು ಮಾಡಿದ.

ಎರಡು ವರ್ಷ ಕಳೆದ ಮೇಲೆ ಏಜೆನ್ಸಿಯಿಂದ ಕರೆ ಬಂತು. ಇಬ್ಬರೂ ಕಚೇರಿಗೆ ಹೋದರು. ಅಲ್ಲಿನ ಮೇಡಂ ಹೂವಿನಂಥ ದನಿಯವಳು. "ನಿಮ್ಮ ಮಗಳು ಸಿಕ್ಕಿದ್ದಾಳೆ" ಎಂದೇ ಮಾತು ಶುರು ಮಾಡಿದಳು. ಮೂರೂವರೆ ವರ್ಷದ ಹೆಣ್ಣು ಮಗು. ಅಪ್ಪ ಅಮ್ಮ ಇಬ್ಬರೂ ಇಲ್ಲ. ಬಂಧು ಬಳಗ ಯಾರೂ ಇಲ್ಲ. ಆರೋಗ್ಯ ಕಲ್ಲುಗುಂಡಿನ ಹಾಗೆ. ಮೇಜಿನ ಮೇಲೆ ಒಂಬತ್ತು ಫೋಟೋ ಹರಡಿದಳು. ಗಂಡನ ಕಣ್ಣು ಮೊದಲನೆಯದರಲ್ಲೇ ತುಂಬಿಕೊಂಡಿತು. ಹೆಂಡತಿ ಒಂಬತ್ತನ್ನೂ ಎರಡೆರಡು ಸಲ ನೋಡಿ ಕೇಳಿದಳು:

"ಒಂದರಲ್ಲೂ ಬಾಯಿ ಬಿಟ್ಟಿಲ್ವಲ್ಲ. ನಗೋ ಫೋಟೋ ಇಲ್ವಾ?"

"ನಾಚಿಕೆ ಸ್ವಭಾವ ನೋಡಿ. ಅಲ್ಲಿನ ಆಯಾಗಳೆಲ್ಲ ಅವಳನ್ನ 'ಬೀಗ' ಅಂತಲೇ ಕರೆಯೋದು" ಎಂದು ಮೇಡಂ ತಾನೇ ನಕ್ಕಳು.

ಮಗುವಿನ ಕಾಗದಪತ್ರ ಆ ದೇಶದ ಭಾಷೆಯಲ್ಲಿ ಹದಿನಾಲ್ಕು ಪುಟ ಇತ್ತು. ಅನುವಾದ ಎರಡೇ ಪುಟ.

"ಹದಿನಾಲ್ಕು ಎರಡಾಗಿದ್ದು ಹೇಗೆ?"

"ಅವರ ಭಾಷೇನೇ ಹಾಗೆ. ಸುತ್ತಿ ಬಳಸಿ ಮಾತಾಡ್ತಾರೆ. ವಿಷಯ ಇಷ್ಟೇ."

ಮೇಜಿನ ಕೆಳಗೆ ಗಂಡ ಅವಳ ಕಾಲನ್ನು ಒತ್ತಿದ. ಅವಳು ಹದಿನಾಲ್ಕು ಪುಟದ ಒಂದು ಪ್ರತಿ ಬೇಕೇ ಬೇಕೆಂದು ಹಟ ಹಿಡಿದು ಪಡೆದುಕೊಂಡಳು. ಮೇಡಂ ಕೊಟ್ಟಳು, ಆದರೆ ಅಷ್ಟು ಹೊತ್ತು ಮುಖದ ಮೇಲಿದ್ದ ನಗು ಮಾಯವಾಗಿತ್ತು. ಹೊರಗೆ ಬಂದವನೇ ಗಂಡ ಹರಿಹಾಯ್ದ.

"ಮಗು ಕೊಡ್ತೀವಿ ಅಂತ ಕರೆದ್ರೆ ಪೊಲೀಸ್ ಥರ ತನಿಖೆ ಮಾಡ್ತೀಯಲ್ಲ! ಅವಳಿಗೆ ಸಿಟ್ಟು ಬಂದು ಬೇರೆಯವರಿಗೆ ಕೊಟ್ರೆ?"

"ಕೊಡೋದಾದ್ರೆ ಕೊಡ್ಲಿ. ಓದೋಕೆ ಬರದ ಕಾಗದಕ್ಕೆ ಸಹಿ ಹಾಕಿದೀವಿ ನಾವು. ಅದಾದ್ರೂ ನೆನಪಿದೆಯಾ?"

ಅವಳು ಹಾಗೆ ಅಂದಳೇ ಹೊರತು ಕಾಗದವನ್ನು ಯಾರಿಂದಲೂ ಓದಿಸಲಿಲ್ಲ. ಅವಳಿಗೂ ಮಗು ಬೇಕಾಗಿತ್ತು. ಹದಿನಾಲ್ಕು ಪುಟ ಪೆಟ್ಟಿಗೆಯ ತಳ ಸೇರಿತು, ಮೇಲೆ ಪುಟ್ಟ ಪುಟ್ಟ ಫ್ರಾಕುಗಳು ಬಂದು ಕೂತವು.

ಆ ದೇಶದ ಅನಾಥಾಲಯ ಎರಡಂತಸ್ತಿನ ಉದ್ದನೆಯ ಕಟ್ಟಡ. ಬಾಗಿಲಲ್ಲೇ ಫಿನಾಯಿಲ್ ವಾಸನೆ ಮುಖಕ್ಕೆ ಹೊಡೆಯಿತು. ಪಡಸಾಲೆಯ ಗೋಡೆಗುಂಟ ಪ್ಲಾಸ್ಟಿಕ್ ಚಪ್ಪಲಿಗಳ ಸಾಲು, ಒಂದೊಂದರ ಮೇಲೂ ಬಿಳಿ ಬಣ್ಣದಲ್ಲಿ ನಂಬರು. ವಾರ್ಡನ್ ದಪ್ಪನೆಯ ಹೆಂಗಸು, ಸೊಂಟದಲ್ಲಿ ಬೀಗದ ಕೈ ಗೊಂಚಲು. ಅವಳು ಇವರಿಬ್ಬರನ್ನೂ ಅಡಿಯಿಂದ ಮುಡಿಯವರೆಗೆ ನೋಡಿ ಏನೋ ಅಂದಳು. ಜೊತೆಗೇ ಬಂದಿದ್ದ ಏಜೆನ್ಸಿ ಮೇಡಂ ಅದನ್ನು, "ನಿಮಗೆ ಸ್ವಾಗತ ಅಂತಾರೆ" ಎಂದು ಇವರ ಭಾಷೆಗೆ ತಂದಳು. ವಾರ್ಡನ್ನಿನ ಮುಖ ನೋಡಿದರೆ ಅವಳು ಹಾಗೇನೂ ಅಂದಂತಿರಲಿಲ್ಲ.

ಮಗುವನ್ನು ತಂದು ನಿಲ್ಲಿಸಿದರು. ಫೋಟೋದಲ್ಲಿದ್ದದ್ದಕ್ಕಿಂತ ಉದ್ದ. ಹಾಕಿದ್ದ ಫ್ರಾಕು ಕಂಕುಳಲ್ಲಿ ಬಿಗಿದು ಕೆಂಪು ಗೆರೆ ಮೂಡಿಸಿತ್ತು. ತುಟಿಗಳನ್ನು ಒಳಕ್ಕೆಳೆದುಕೊಂಡು, ಯಾರ ಕಡೆಗೂ ನೋಡದೆ, ಗಂಡನ ಷರ್ಟಿನ ಮೂರನೇ ಗುಂಡಿಯನ್ನೇ ದಿಟ್ಟಿಸುತ್ತ ನಿಂತಿತು. ಅವಳು ಮೊಣಕಾಲೂರಿ ಗೊಂಬೆ ಚಾಚಿದಳು. ಮಗು ಗೊಂಬೆಯನ್ನು ತೆಗೆದುಕೊಂಡು ನಿಧಾನವಾಗಿ ನೆಲಕ್ಕೆ ಬಿಟ್ಟಿತು.

ಆ ದೇಶದ ನಿಯಮದ ಪ್ರಕಾರ ಕೋರ್ಟಿನ ಆದೇಶಕ್ಕೆ ಮುಂಚೆ ಹತ್ತು ದಿನ ಮಗುವಿನೊಡನೆ ಒಂದೇ ಮನೆಯಲ್ಲಿ ಇರಬೇಕು. ಅತಿಥಿಗೃಹದಲ್ಲಿ ಎರಡು ಕೋಣೆ ಕೊಟ್ಟಿದ್ದರು. ಮಗು ಮೊದಲ ಎರಡು ದಿನ ಊಟದ ಮೇಜಿನ ಕೆಳಗಿಂದ ಹೊರಗೆ ಬರಲಿಲ್ಲ. ತಟ್ಟೆಯನ್ನು ಅಲ್ಲಿಗೇ ತಳ್ಳಿದರೆ, ಇವರು ಬೆನ್ನು ತಿರುಗಿಸಿದ ಮೇಲೆ ತಿನ್ನುತ್ತಿತ್ತು. ಅವಳು ಹತ್ತಿರ ಹೋದರೆ ಕಾಲಿನಿಂದ ಒದೆಯುತ್ತಿತ್ತು. ಗಂಡ ಹತ್ತಿರ ಹೋದರೆ ಒದೆಯುತ್ತಿರಲಿಲ್ಲ. ಅದರಿಂದಂತೂ ಅವಳಿಗೆ ಒದೆತಕ್ಕಿಂತ ಹೆಚ್ಚು ನೋವಾಯಿತು.

"ನೀನು ಗುರಾಯಿಸ್ತೀಯ. ಅದಕ್ಕೇ ಹೆದರುತ್ತೆ" ಎಂದ ಗಂಡ.

"ನಾನು ನೋಡೋದೇ ಹಾಗೆ. ಹದಿಮೂರು ವರ್ಷ ನಿಮಗೆ ಗೊತ್ತಾಗಲಿಲ್ವಾ?"

ಮೂರನೇ ದಿನ ಮಧ್ಯಾಹ್ನ, ಸಿಕ್ಕುಗಟ್ಟಿದ ಕೂದಲು ಬಿಡಿಸಲೆಂದು ಬಾಚಣಿಗೆ ಹಿಡಿದು ಕೂತಿದ್ದಾಗ ಮಗು ತಟ್ಟನೆ ತಿರುಗಿ ಅವಳ ಮುಂಗೈಯನ್ನು ಕಚ್ಚಿತು. ಸುಮ್ಮನೆ ಕಚ್ಚಿದ್ದಲ್ಲ, ಕಣ್ಣು ಮುಚ್ಚಿಕೊಂಡು, ಪ್ರಾಣ ಬಿಟ್ಟರೂ ಕೈ ಬಿಡೆನೆನ್ನುವ ಹಾಗೆ. ಗಂಡ ಓಡಿ ಬಂದು ಬಿಡಿಸಬೇಕಾಯಿತು. ಅವಳು ಬಚ್ಚಲಿಗೆ ಹೋಗಿ, ಕನ್ನಡಿಯ ಮೇಲಿನ ದೀಪ ಹಾಕಿ, ನಲ್ಲಿಯ ಕೆಳಗೆ ಕೈ ಹಿಡಿದಳು. ರಕ್ತ ತೊಳೆದು ಹೋದ ಮೇಲೆ ಗುರುತು ಸ್ಪಷ್ಟವಾಗಿ ಕಂಡಿತು. ಎಷ್ಟೋ ಸಾವಿರ ಅಚ್ಚು ನೋಡಿದ ಕಣ್ಣು ಅದು. ಉರಿಯನ್ನು ಮರೆತು ಅವಳು ಕೈಯನ್ನು ಬೆಳಕಿಗೆ ಇನ್ನಷ್ಟು ಹತ್ತಿರ ಹಿಡಿದಳು.

ಕೆಳಗಿನ ಸಾಲಿನ ನಡುವಣ ಎರಡು ಹಲ್ಲುಗಳ ಗುರುತು ಅಗಲವಾಗಿತ್ತು, ಅಂಚು ಗರಗಸದ ಹಾಗೆ ಸಣ್ಣ ಸಣ್ಣ ಮುಳ್ಳು. ಹಾಲುಹಲ್ಲು ಹಾಗೆ ಕಚ್ಚುವುದಿಲ್ಲ. ಅದು ಹಾಲುಹಲ್ಲು ಬಿದ್ದು ಹುಟ್ಟಿದ ಹಲ್ಲು. ಮೂರೂವರೆ ವರ್ಷಕ್ಕೆ ಯಾವ ಮಗುವಿಗೂ ಅದು ಬರುವುದಿಲ್ಲ.

ಅವಳು ಕೈಗೆ ಬಟ್ಟೆ ಸುತ್ತಿಕೊಂಡು ಹೊರಗೆ ಬಂದಳು. ಮರುದಿನ ಗಂಡ ಪಾತ್ರೆಯ ಮುಚ್ಚಳವೊಂದನ್ನು ಸ್ಟೀರಿಂಗ್ ಮಾಡಿಕೊಂಡು, ಮೇಜಿನ ಕೆಳಗೆ ತಾನೂ ತೂರಿ, ಬಾಯಲ್ಲೇ ಗಾಡಿ ಓಡಿಸುತ್ತಿದ್ದ. ಗೇರು ಬದಲಿಸಿದ, ಹಾರನ್ ಹೊಡೆದ, ಏರು ಹತ್ತಲಾರದೆ ಕೆಮ್ಮುವ ಲಾರಿಯ ಹಾಗೆ ಕೆಮ್ಮಿದ. ಮಗು ಮುಚ್ಚಳವನ್ನು ಅವನ ಕೈಯಿಂದ ಕಿತ್ತುಕೊಂಡು ತಾನೇ ತಿರುಗಿಸತೊಡಗಿತು. ಅವನು ಇಲ್ಲದ ಬ್ರೇಕನ್ನು ಒತ್ತಿ "ಅಯ್ಯಯ್ಯೋ" ಎಂದು ಮುಗ್ಗರಿಸಿದಾಗ ಅದಕ್ಕೆ ನಗು ತಡೆಯಲಾಗಲಿಲ್ಲ. ಕೂಡಲೇ ಅಂಗೈಯಿಂದ ಬಾಯಿ ಮುಚ್ಚಿಕೊಂಡು ಬಾಗಿಲ ಕಡೆ ನೋಡಿತು, ಯಾರಾದರೂ ಕಂಡರೇನೋ ಎಂಬಂತೆ. ಆದರೆ ಅಷ್ಟರಲ್ಲಿ ಅವಳು ನೋಡಿಯಾಗಿತ್ತು. ದವಡೆಯ ಕೊನೆಯಲ್ಲಿ, ಕೆಳಗೆ ಎರಡೂ ಕಡೆ, ಆರನೇ ವರ್ಷದ ದೊಡ್ಡ ಹಲ್ಲುಗಳು ಮೂಡಿ ನಿಂತಿದ್ದವು.

"ಇವತ್ತು ಎಡಕ್ಕೆ ಕೈ ತೋರಿಸಿದ್ರೆ ಎಡಕ್ಕೇ ತಿರುಗಿಸಿದಳು ಕಣೆ! ನನ್ನ ಹತ್ರ ಬರೋ ದೊಡ್ಡೋರಿಗೇ ಅದು ಬರಲ್ಲ" ಎಂದು ಗಂಡ ಬೆವರೊರೆಸಿಕೊಳ್ಳುತ್ತ ಬಂದ. ಅವನ ಮುಖ ಅಷ್ಟು ಬೆಳಗಿದ್ದನ್ನು ಅವಳು ವರ್ಷಗಳಿಂದ ನೋಡಿರಲಿಲ್ಲ.

"ರೀ, ಅವಳಿಗೆ ಮೂರೂವರೆ ಅಲ್ಲ. ಆರು ದಾಟಿದೆ."

"ಏನಂದೆ?"

"ಹಲ್ಲು ನೋಡಿದೆ. ಬಾಯಿ ಬಿಡಬೇಡ ಅಂತ ಹೆದರಿಸಿಟ್ಟಿದ್ದಾರೆ ಅವಳನ್ನ. ಅದಕ್ಕೇ ಬೀಗ."

ಅವನು ಮೇಜಿನ ಕೆಳಗಿದ್ದ ಮಗುವಿನ ಕಡೆ ನೋಡಿದ. ಆಮೇಲೆ ದನಿ ತಗ್ಗಿಸಿ, ಹಲ್ಲು ಕಚ್ಚಿ ಮಾತಾಡಿದ.

"ಸಂತೇಲಿ ಎತ್ತಿನ ಹಲ್ಲು ಹಿಡಿದು ನೋಡಿದ ಹಾಗೆ ನೋಡಿದ್ಯಲ್ಲ, ನಾಚಿಕೆ ಆಗಲ್ವಾ ನಿನಗೆ? ಮೂರಾದ್ರೇನು, ಆರಾದ್ರೇನು? ನನಗೆ ಹತ್ತಾದ್ರೂ ಪರವಾಗಿಲ್ಲ."

"ನನಗೂ ಪರವಾಗಿಲ್ಲ. ವಯಸ್ಸು ಸುಳ್ಳಾದ್ರೆ ಇನ್ನೇನೇನು ಸುಳ್ಳು ಅಂತ ಕೇಳ್ತಾ ಇದೀನಿ."

ಮರುದಿನ ಬೆಳಿಗ್ಗೆ ಹಲ್ಲಿನ ಚಿತ್ರದ ಬೋರ್ಡು ಕಂಡಲ್ಲಿ ಅವಳು ನುಗ್ಗಿದಳು. ಮಗು ಗಂಡನ ಹೆಗಲಲ್ಲದೆ ಬೇರೆ ಕಡೆ ಬರುತ್ತಿರಲಿಲ್ಲವಾದ್ದರಿಂದ ಅವನೂ ಬಯ್ದುಕೊಂಡೇ ಹಿಂದೆ ಬಂದ. ಒಳಗಿದ್ದ ದಂತವೈದ್ಯ ಓದುವ ಕಾಲದಲ್ಲಿ ನಾಲ್ಕು ವರ್ಷ ಇವರ ದೇಶದಲ್ಲಿದ್ದವನು, ಇವರ ಭಾಷೆ ತಕ್ಕಮಟ್ಟಿಗೆ ಬರುತ್ತಿತ್ತು. ಇವರು ಯಾರು, ಮಗು ಯಾಕೆ ಜೊತೆಗಿದೆ ಎಂದು ತಿಳಿದ ಕೂಡಲೇ ಅವನ ಹುಬ್ಬು ಗಂಟಿಕ್ಕಿತು. ಎಕ್ಸ್‌ರೇ ತೆಗೆದ.

"ಆರೂವರೆಗೆ ಕಡಿಮೆ ಇಲ್ಲ" ಎಂದ ಕೊನೆಗೆ, ಫಿಲಂ ಬೆಳಕಿಗೆ ಹಿಡಿದು. "ನನ್ನ ಹತ್ರ ಹೀಗೆ ಬಂದವರಲ್ಲಿ ನೀವು ಎರಡನೆಯವರು. ಮೊದಲನೆಯವರು ಥ್ಯಾಂಕ್ಸ್ ಹೇಳಿ, ಮಗು ಎತ್ಕೊಂಡು ವಿಮಾನ ಹತ್ತಿದ್ರು. ನೀವೂ ಹಾಗೇ ಮಾಡೋದಾದ್ರೆ ಈಗಲೇ ಎದ್ದು ಹೋಗಿ. ನನ್ನ ಹೊತ್ತು ಹಾಳು ಮಾಡಬೇಡಿ."

ಅವಳು ಚೀಲದಿಂದ ಹದಿನಾಲ್ಕು ಪುಟ ತೆಗೆದು ಮೇಜಿನ ಮೇಲಿಟ್ಟಳು. "ಓದಿ ಹೇಳಿ."

ಅವನು ಒಂದೊಂದೇ ಪುಟ ಮಗುಚಿದ. ಒಂಬತ್ತನೆಯದರಲ್ಲಿ ನಿಂತ. ತಾಯಿ ಇದ್ದಾಳೆ ಎಂದಿತ್ತು. ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಕೆಲಸ. ಅವರು ಕೊಟ್ಟ ಹಾಸ್ಟೆಲಿನಲ್ಲಿ ಮಕ್ಕಳನ್ನು ಇಟ್ಟುಕೊಳ್ಳುವ ಹಾಗಿಲ್ಲವಾದ್ದರಿಂದ ಒಂದು ವರ್ಷದ ಮಟ್ಟಿಗೆ ಮಗುವನ್ನು ಇಲ್ಲಿ ಬಿಟ್ಟಿದ್ದಾಳೆ. ಕೆಳಗೆ ಅವಳ ಸಹಿ. ಹನ್ನೊಂದನೆಯ ಪುಟದಲ್ಲಿ ಇನ್ನೊಂದು ಸಹಿ, ಮಗುವಿನ ಮೇಲಿನ ಹಕ್ಕನ್ನೆಲ್ಲ ಬಿಟ್ಟುಕೊಟ್ಟಿದ್ದೇನೆ ಎಂದು.

"ಎರಡೂ ಸಹಿ ನೋಡಿ" ಎಂದ ಡಾಕ್ಟರು. ನೋಡಲು ಆ ಭಾಷೆ ಬರಬೇಕಾಗಿರಲಿಲ್ಲ. ಒಂದು ತೊಡರುತ್ತ ತಡವರಿಸುತ್ತ ಬರೆದದ್ದು, ಇನ್ನೊಂದು ಗುಮಾಸ್ತನ ನೀಟಾದ ಕೈ.

ಅವಳು ಗಂಡನ ಕಡೆ ತಿರುಗಿದಳು. ಅವನು ಗೋಡೆಗೆ ಮುಖ ಮಾಡಿ, ಮಗುವಿನ ಬೆನ್ನು ತಟ್ಟುತ್ತ, ಏನೂ ಕೇಳಿಸದವನ ಹಾಗೆ ನಿಂತಿದ್ದ.

ಅವಳು ಫೋನ್ ಮಾಡಿ ಎಲ್ಲ ಕೇಳಿದ ಮೇಲೆ ಏಜೆನ್ಸಿ ಮೇಡಂ ಅದೇ ಮಧ್ಯಾಹ್ನ ಅತಿಥಿಗೃಹಕ್ಕೆ ಬಂದಳು. ದನಿಯ ಹೂವೆಲ್ಲ ಉದುರಿಹೋಗಿತ್ತು. "ಹಳೇ ಕಾಗದ ಅದು. ಆಮೇಲೆ ತಾಯಿ ಸತ್ತಳು."

"ಸತ್ತಿದ್ದಕ್ಕೆ ಕಾಗದ ಎಲ್ಲಿ?"

"ಇಲ್ಲಿ ಎಲ್ಲದಕ್ಕೂ ಕಾಗದ ಇರಲ್ಲ."

"ಬೆಳಿಗ್ಗೆ ಹದಿನಾಲ್ಕು ಪುಟ ಓದಿಸ್ಕೊಂಡು ಬಂದೆ. ಸುತ್ತಿ ಬಳಸಿ ಮಾತಾಡೋರು ಅವರಲ್ಲ, ನೀವು."

ಮೇಡಂ ಎದ್ದು ನಿಂತಳು. "ನೋಡಿ, ನಿಮಗೆ ಬೇಡ ಅಂದ್ರೆ ಬೇಡ. ಪಟ್ಟೀಲಿ ಮುಂದಿನ ದಂಪತಿ ಇದ್ದಾರೆ, ಒಂದು ಫೋನ್ ಮಾಡಿದ್ರೆ ನಾಳೆ ವಿಮಾನ ಹತ್ತುತ್ತಾರೆ. ಅವರು ನಿಮ್ಮ ಹಾಗೆ ಹಲ್ಲು ಎಣಿಸ್ತಾ ಕೂರಲ್ಲ. ನೀವು ಮನೆಗೆ ಹೋಗಿ ಪ್ಲಾಸ್ಟರ್ ಕಲಸಿಕೊಂಡಿರಿ."

ಬಾಗಿಲು ಹಾಕಿಕೊಂಡ ಮೇಲೆ ಗಂಡ ಬೇಡಿಕೊಂಡ. ಅವನು ಬೇಡಿಕೊಂಡದ್ದನ್ನು ಅವಳು ಅದೇ ಮೊದಲು ನೋಡಿದ್ದು. "ಕೇಳಿದ್ಯಲ್ಲ? ನಾವಲ್ಲದಿದ್ರೆ ಇನ್ಯಾರೋ. ಹೇಗಿದ್ರೂ ಇವಳು ಇಲ್ಲಿಂದ ಹೋಗೋಳೇ. ನಮ್ಮ ಹತ್ರ ಇದ್ರೆ, ದೊಡ್ಡೋಳಾದ ಮೇಲೆ ನಾವೇ ಎಲ್ಲಾ ಹೇಳೋಣ. ಬೇಕಾದ್ರೆ ತಾಯಿನ್ನ ಹುಡುಕಿಕೊಡೋಣ. ನಾನೇ ಕರ್ಕೊಂಡು ಬರ್ತೀನಿ, ಆಣೆ ಮಾಡ್ತೀನಿ."

"ಅಷ್ಟು ವರ್ಷ ಆ ಹೆಂಗಸು ಎಲ್ಲಿ ಹುಡುಕ್ತಾ ಇರ್ಬೇಕು?"

"ಹುಡುಕ್ತಾಳೆ ಅಂತ ನಿನಗೆ ಹೇಗೆ ಗೊತ್ತು? ಬಿಟ್ಟುಹೋಗಿದ್ದು ಅವಳು ತಾನೆ?"

"ಹುಡುಕದೇ ಇದ್ರೆ ಅದನ್ನೂ ಅವಳ ಬಾಯಿಂದಲೇ ಕೇಳ್ತೀನಿ."

"ಕಚ್ಚಿದ್ದಕ್ಕೆ ಸೇಡು ತೀರಿಸ್ಕೋತಾ ಇದೀಯ" ಎಂದ ಗಂಡ. "ಮಗು ನನ್ನನ್ನ ಹಚ್ಕೊಂಡಿತು, ನಿನ್ನನ್ನ ಹಚ್ಕೊಳ್ಳಲಿಲ್ಲ. ಅದು ನಿನ್ನ ಹೊಟ್ಟೆಉರಿ. ಅಷ್ಟೇ ವಿಷಯ."

ಆ ಮಾತು ಪೂರ್ತಿ ಸುಳ್ಳೆಂದು ಅವಳಿಗೆ ಅನ್ನಿಸಲಿಲ್ಲ. ಚಪ್ಪಲಿ ಮೆಟ್ಟಿಕೊಂಡಳು. ಡಾಕ್ಟರನ್ನು ಅವನ ಕ್ಲಿನಿಕ್ಕಿನಿಂದ ಹೆಚ್ಚುಕಡಿಮೆ ಎಳೆದುಕೊಂಡೇ ಮಕ್ಕಳ ಇಲಾಖೆಯ ಕಚೇರಿಗೆ ಹೋಗಿ, ಎಕ್ಸ್‌ರೇ, ಹದಿನಾಲ್ಕು ಪುಟ, ತನ್ನ ದೂರು ಮೂರನ್ನೂ ಅಲ್ಲಿನ ಅಧಿಕಾರಿಯ ಮೇಜಿನ ಮೇಲಿಟ್ಟಳು. ಆ ಅಧಿಕಾರಿಯೂ ಮುಖ ಸಡಿಲಿಸಲಿಲ್ಲ. ಹೊರದೇಶದವರು ಬಂದು ನಮಗೆ ಕೆಲಸ ಹೇಳಿಕೊಡಬೇಕಾ ಎಂದು ಗೊಣಗಿದಳು. ಆದರೆ ಕಾಗದ ಕಾಗದವೇ, ಎಕ್ಸ್‌ರೇ ಎಕ್ಸ್‌ರೇಯೇ. ತಪಾಸಣೆ ಮುಗಿಯುವವರೆಗೆ ಮಗುವನ್ನು ದೇಶ ಬಿಟ್ಟು ಒಯ್ಯಕೂಡದೆಂದು ಬರೆದು ಮೊಹರು ಒತ್ತಿದಳು. ಅಲ್ಲಿಯವರೆಗೆ ಮಗು ಇವರ ಬಳಿಯೇ ಇರಲಿ ಎಂದಳು. ಅನಾಥಾಲಯಕ್ಕೆ ವಾಪಸು ಕಳಿಸಲು ಅವಳಿಗೂ ಧೈರ್ಯವಿರಲಿಲ್ಲ.

ಎಂಟು ದಿನ ಹಿಡಿಯಿತು. ಆ ಎಂಟು ದಿನ ಗಂಡ ಹೆಂಡತಿಯೊಡನೆ ಮಾತಾಡಲಿಲ್ಲ. ಬೇಕಾದ್ದನ್ನು ಮಗುವಿಗೆ ಹೇಳುವ ನೆಪದಲ್ಲಿ ಹೇಳುತ್ತಿದ್ದ. "ಪುಟ್ಟಾ, ಸಾಬೂನು ಮುಗಿದಿದೆ ಅಂತ ಗೊತ್ತಿರೋರಿಗೆ ಗೊತ್ತಾಗ್ಲಿ." ಮಗುವಿಗೆ ಇವನ ಭಾಷೆಯ ಒಂದಕ್ಷರ ತಿಳಿಯದಿದ್ದರೂ ಈ ಆಟ ಹಿಡಿಸಿತು. ಅದೂ ಅವಳ ಕಡೆ ಬೆನ್ನು ತಿರುಗಿಸಿಕೊಂಡೇ ಕೂತು ಊಟ ಮಾಡುವುದನ್ನು ಕಲಿತುಕೊಂಡಿತು. ಅವಳು ಎರಡು ಬೆನ್ನುಗಳ ಎದುರು ಕೂತು ಊಟ ಮಾಡಿದಳು.

ಒಂಬತ್ತನೇ ದಿನ ಇಲಾಖೆಯ ಕಚೇರಿಗೆ ಕರೆಸಿದರು. ಕೋಣೆಯಲ್ಲಿ ವಾರ್ಡನ್ ಇದ್ದಳು, ಅಧಿಕಾರಿ ಇದ್ದಳು, ಮಾತು ದಾಟಿಸಲು ಡಾಕ್ಟರು ಬಂದಿದ್ದ. ಏಜೆನ್ಸಿ ಮೇಡಂ ತಲೆ ನೋವೆಂದು ಬಂದಿರಲಿಲ್ಲ. ಬಾಗಿಲ ಬಳಿಯ ಬೆಂಚಿನ ಮೇಲೆ ಒಬ್ಬಳು ಹೆಂಗಸು. ಬಟ್ಟೆಸೋಡಾ ಹಾಕಿದ ಬಿಸಿನೀರಿನಲ್ಲಿ ಬೆಂದು ಬೆರಳುಗಳು ಬಿಳಿಚಿ ಸುಕ್ಕುಗಟ್ಟಿದ್ದವು. ಇವರು ಒಳಗೆ ಬಂದದ್ದೇ ಅವಳು ಎದ್ದು ನಿಂತಳು. ಮಗುವನ್ನು ನೋಡಿದಳು, ಅದನ್ನು ಎತ್ತಿಕೊಂಡಿದ್ದ ಗಂಡನನ್ನು ನೋಡಿದಳು, ಮಗುವಿನ ಹೊಸ ಬೂಟುಗಳನ್ನು ನೋಡಿದಳು. ಆಮೇಲೆ ವಾರ್ಡನ್ನಿನ ಹತ್ತಿರ ನಡೆದುಕೊಂಡು ಹೋಗಿ ಅವಳ ಕೆನ್ನೆಗೆ ಫಟಾರನೆ ಬಾರಿಸಿದಳು.

ಯಾರೂ ತಡೆಯಲಿಲ್ಲ. ಆಮೇಲೆ ಡಾಕ್ಟರು ವಿಷಯ ಬಿಡಿಸಿ ಹೇಳಿದ: ಎರಡು ವರ್ಷದ ಕೆಳಗೆ ಮಗುವನ್ನು ಬಿಟ್ಟ ಈ ತಾಯಿ ರಜೆಯಿದ್ದ ಭಾನುವಾರಗಳಲ್ಲೆಲ್ಲ ಬರುತ್ತಿದ್ದಳು. ವರ್ಷ ಮುಗಿದು ಕರೆದೊಯ್ಯಲು ಬಂದಾಗ, ಮಗುವನ್ನು ದೂರದ ವಸತಿ ಶಾಲೆಗೆ ಕಳಿಸಿದ್ದೇವೆ, ಈಗ ನೋಡಲಾಗದು ಎಂದು ಹೇಳಿ ಗೇಟಿನಿಂದಲೇ ಸಾಗಹಾಕಿದ್ದರು. ಅವಳು ಬಂದು ಹೋಗುವುದನ್ನು ಬಿಟ್ಟಿರಲಿಲ್ಲ. ಕಳೆದ ತಿಂಗಳೂ ಬಂದಿದ್ದಳು. ಆಗ ಮಗು ಮೇಲಿನ ಅಂತಸ್ತಿನಲ್ಲೇ ಇತ್ತು.

ತಾಯಿ ಈಗ ಇವಳ ಕಡೆ ತಿರುಗಿ ಒಂದು ಮಾತು ಅಂದಳು. ಡಾಕ್ಟರು ತಡವರಿಸಿದ.

"ಹೇಳಿ" ಎಂದಳು ಇವಳು.

"ನಿನಗೆ ಹುಟ್ಟಲಿಲ್ಲ ಅಂತ ನಂದನ್ನ ಎತ್ಕೊಂಡು ಹೋಗೋಕೆ ಬಂದ್ಯಾ, ಅಂತಿದಾಳೆ."

"ನಾನೇ ದೂರು ಕೊಟ್ಟೋಳು ಅಂತ ಹೇಳಿದ್ರಾ ಅವಳಿಗೆ?"

"ಹೇಳಿದೆ. ಅದಕ್ಕೇನೀಗ ಅಂತಾಳೆ. ಕೈಲಿದ್ದದ್ದನ್ನ ಕೊಟ್ಟಿದ್ದಕ್ಕೆ ನಮಸ್ಕಾರ ಮಾಡ್ಬೇಕಾ ಅಂತ ಕೇಳ್ತಾಳೆ."

ಗಂಡ ಮಗುವನ್ನು ನೆಲಕ್ಕಿಳಿಸಿದ. ತಾಯಿ ಕೈ ಚಾಚಿದಳು. ಮಗು ಹೋಗಲಿಲ್ಲ. ಗೋಡೆಯ ಕಡೆ ಮುಖ ಮಾಡಿ, ತುಟಿ ಒಳಕ್ಕೆಳೆದುಕೊಂಡು ನಿಂತುಬಿಟ್ಟಿತು. ತಾಯಿ ಒಂದು ಹೆಸರು ಹಿಡಿದು ಕರೆದಳು. ಕಾಗದದಲ್ಲಿ ಇದ್ದ ಹೆಸರಲ್ಲ ಅದು, ಬೇರೆಯೇ ಒಂದು. ಎರಡನೇ ಸಲ ಕರೆದಾಗ ಮಗು ಗಿರಕ್ಕನೆ ತಿರುಗಿತು. ಓಡಿ ಬಂದು ತಾಯಿಯ ತೊಡೆಗೆ ಗುದ್ದಿತು, ಒದೆಯಿತು, ಸೆರಗು ಹಿಡಿದು ಜಗ್ಗಿತು, ಬಾಯಿ ಅಗಲವಾಗಿ ತೆರೆದು ಕಿರುಚತೊಡಗಿತು. ಎರಡು ವಾರದಲ್ಲಿ ಇವರು ಕೇಳಿದ ಮೊದಲ ಮಾತುಗಳವು. ಒಂದಾದ ಮೇಲೊಂದು, ಉಸಿರು ಕಟ್ಟುವಷ್ಟು, ಮುಖವೆಲ್ಲ ಕೆಂಪಾಗುವಷ್ಟು ಬೈಗುಳ. ತಾಯಿ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು, ಕಣ್ಣಲ್ಲಿ ನೀರಿಳಿಸುತ್ತ, ಅಷ್ಟನ್ನೂ ತಿಂದಳು. ನಡುನಡುವೆ ತಾನೂ ಗದರಿದಳು.

ಡಾಕ್ಟರು ಅನುವಾದ ಮಾಡಲು ಬಾಯಿ ತೆರೆದಾಗ ಇವಳು ಬೇಡವೆಂದು ಕೈಯಾಡಿಸಿದಳು. ಎಲ್ಲಿಗೆ ಹೋಗಿದ್ದೆ, ಯಾಕೆ ಬರಲಿಲ್ಲ, ನೀನು ಕೆಟ್ಟವಳು, ನೀನು ಬೇಡ. ಇನ್ನೇನಿರುತ್ತದೆ? ತನ್ನನ್ನು ಮಗು ಒದ್ದಿತ್ತು, ಕಚ್ಚಿತ್ತು, ಆದರೆ ಹೀಗೆ ಒಂದು ದಿನವೂ ಬಯ್ದಿರಲಿಲ್ಲ. ಇಷ್ಟು ಬಯ್ಯಬೇಕಾದರೆ ಅಷ್ಟು ಸಲಿಗೆ ಬೇಕು.

ಗಂಡ ಕೋಣೆಯಿಂದ ಹೊರಗೆ ಹೋದ. ಪಡಸಾಲೆಯಲ್ಲಿ ಅವನು ಬಿಕ್ಕುವುದು ಎಲ್ಲರಿಗೂ ಕೇಳುತ್ತಿತ್ತು.

ಮಗುವಿನ ವಿಷಯ ಇತ್ಯರ್ಥವಾಗಲು ಇನ್ನೂ ಮೂರು ತಿಂಗಳಾಯಿತು. ಅಷ್ಟರಲ್ಲಿ ಇವರು ವಾಪಸು ಬಂದಿದ್ದರು. ಲಾಂಡ್ರಿಯವರು ಬೇರೆ ಕೋಣೆ ಕೊಟ್ಟ ಮೇಲೆ ಮಗು ತಾಯಿಯ ಜೊತೆ ಹೋಯಿತು ಎಂದು ಡಾಕ್ಟರು ಎರಡು ಸಾಲು ಬರೆದಿದ್ದ. ಅನಾಥಾಲಯಕ್ಕೆ ಬೀಗ ಬಿತ್ತು. ವಾರ್ಡನ್ನಿನ ಮೇಲೆ ಮೊಕದ್ದಮೆ ಹೂಡಿದರು. ಏಜೆನ್ಸಿ ಇವರ ಅರ್ಜಿಯ ಮೇಲೆ "ಸಹಕರಿಸದ ದಂಪತಿ" ಎಂದು ಬರೆದು ಫೈಲು ಮುಚ್ಚಿತು.

ಅತ್ತೆ ಮಹಡಿಯಿಂದ ಇಳಿದು ಬಂದಳು. "ಕೈಗೆ ಬಂದ ಕೂಸನ್ನ ಬಿಟ್ಟು ಬಂದ ಮಹಾತಾಯಿ ನೀನು" ಎಂದು ಶುರುಮಾಡಿದವಳು ಆ ವರ್ಷವಿಡೀ ನಿಲ್ಲಿಸಲಿಲ್ಲ. ಮಗು ತರುವುದೇ ಬೇಡವೆಂದು ತಾನೇ ಅಂದದ್ದು ಅವಳಿಗೆ ಮರೆತೇ ಹೋಗಿತ್ತು. ಗಂಡ ಹಾಸಿಗೆ ಎತ್ತಿಕೊಂಡು ಮಹಡಿ ಸೇರಿದ. ಬೆಳಿಗ್ಗೆ ಕೆಳಗೆ ಬಂದು ಕಾಫಿ ಕುಡಿದು ಕೆಲಸಕ್ಕೆ ಹೋಗುತ್ತಿದ್ದ. ಒಂದು ದಿನ ಮಾತ್ರ ಲೋಟ ಕೆಳಗಿಡುತ್ತ ಕೇಳಿದ:

"ಅವಳು ಚೆನ್ನಾಗಿ ನೋಡ್ಕೋತಾಳಾ?"

"ಗೊತ್ತಿಲ್ಲ."

"ಗೊತ್ತಿಲ್ದೇ ಕೊಟ್ಯಲ್ಲ."

"ಕೊಡೋಕೆ ಅದು ನಂದಾಗಿರಲಿಲ್ಲ."

ಅವನು ಲೋಟವನ್ನು ಅಲ್ಲೇ ಬಿಟ್ಟು ಎದ್ದು ಹೋದ.

ಮತ್ತೆ ಕೆಲವು ವಾರ ಕಳೆದ ಮೇಲೆ, ಅವಳು ಲ್ಯಾಬಿನಲ್ಲಿ ಹಲ್ಲಿನ ಸೆಟ್ಟೊಂದನ್ನು ಉಜ್ಜುತ್ತಿದ್ದಾಗ ಒಬ್ಬಳು ಹೆಂಗಸು ಕೇಳದೆಯೇ ಒಳಗೆ ಬಂದಳು. ಇವಳಿಗಿಂತ ಚಿಕ್ಕವಳು, ಒಳ್ಳೆಯ ಉಡುಪು, ಎದೆಗೆ ಒಂದು ಫೈಲು ಅವುಚಿಕೊಂಡಿದ್ದಳು. ಆ ಹೆಂಗಸಿನ ಗಂಡ ಬೀದಿಯಲ್ಲಿ ಕಾರಿನೊಳಗೆ ಕಾಯುತ್ತಿದ್ದ.

"ನೀವೇ ಅಲ್ವಾ ಆ ಹಲ್ಲಿನೋರು?" ಎಂದಳು. "ನಿಮ್ಮ ನಂತರ ಪಟ್ಟೀಲಿ ಇದ್ದಿದ್ದು ನಾವು. ನಿಮ್ಮ ದೂರಿನಿಂದ ಅಲ್ಲಿಂದ ಬರೋ ಮಕ್ಕಳನ್ನೆಲ್ಲ ಒಂದು ವರ್ಷ ತಡೆದಿದ್ರು. ನಮ್ಮ ಮಗು ಫೋಟೋ ತೋರಿಸಿ ವಾಪಸ್ ಕಿತ್ಕೊಂಡ್ರು. ಈಗ ಬೇರೆ ದೇಶದಿಂದ ಇನ್ನೊಂದು ತೋರಿಸಿದ್ದಾರೆ. ಇದನ್ನೂ ತಪ್ಪಿಸಬೇಡಿ ಅಂತ ಹೇಳೋಕೆ ಬಂದೆ."

"ನಾನ್ಯಾಕೆ ತಪ್ಪಿಸ್ಲಿ?"

"ಏಜೆನ್ಸಿಯವರು ಹೇಳಿದ್ರು, ನೀವು ಎಲ್ಲರಿಗೂ ಫೋನ್ ಮಾಡಿ ಹೆದರಿಸ್ತೀರಂತೆ."

"ಯಾರಿಗೂ ಮಾಡಿಲ್ಲ. ಬಂದಿದ್ದೀರಲ್ಲ, ಕೇಳಿಸ್ಕೊಂಡು ಹೋಗಿ. ಅನುವಾದ ನಂಬಬೇಡಿ. ಮೂಲ ಕಾಗದ ತಗೊಂಡು, ಅವರಿಗೆ ಸಂಬಂಧ ಇಲ್ಲದೋರ ಹತ್ರ ಓದಿಸಿ. ಮಗುಗೆ ಅಣ್ಣ ತಂಗಿ ಇದಾರಾ ಕೇಳಿ. ಬಿಟ್ಟೋರು ಯಾರು, ಯಾಕೆ ಬಿಟ್ರು, ಸಹಿ ಮಾಡಿದೋರನ್ನ ಕಣ್ಣಾರೆ ತೋರಿಸ್ತೀರಾ ಅಂತ ಕೇಳಿ. ಮಗು ಕೈಗೆ ಬಂದ ಕೂಡಲೇ ಅಮ್ಮಾ ಅಂತ ಕುತ್ತಿಗೆಗೆ ಬೀಳುತ್ತೆ ಅಂದ್ಕೋಬೇಡಿ. ಒದೆಯುತ್ತೆ, ಕಚ್ಚುತ್ತೆ. ಅದು ಕಳ್ಕೊಂಡಿರೋದನ್ನ ನೀವು ತುಂಬಿಕೊಡೋಕಾಗಲ್ಲ. ತಡ್ಕೊಳ್ಳೋದಾದ್ರೆ ಹೋಗಿ."

ಆ ಹೆಂಗಸಿನ ಮುಖ ಕೆಂಪಾಯಿತು. "ಹೆದರಿಸ್ತೀರಿ ಅಂದಿದ್ದು ನಿಜಾನೇ. ನಿಮಗೆ ಮಗು ಬೇಕೇ ಇರಲಿಲ್ಲ. ಬೇಕಾಗಿದ್ದೋರು ಹೀಗೆ ಬಿಟ್ಟು ಬರಲ್ಲ. ಆ ಕಲ್ಲು ಮನಸ್ಸು ನಮಗಿಲ್ಲ."

ಅವಳು ಉಜ್ಜುವ ಯಂತ್ರವನ್ನು ನಿಲ್ಲಿಸಿದಳು. ಮುಂಗೈಯ ಮೇಲೆ ಬಿಳಿ ಪುಡಿ ಕೂತಿತ್ತು.

"ಬೇಕಿತ್ತು" ಎಂದಳು.

ಆ ಹೆಂಗಸು ಫೈಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಬಾಗಿಲವರೆಗೆ ಹೋದಳು. ಕಾರಿನ ಹಾರನ್ ಎರಡು ಸಲ ಕೂಗಿತು. ಅವಳು ಹೊಸಿಲಿನಲ್ಲಿ ನಿಂತು, ಹಿಂದೆ ತಿರುಗದೆಯೇ, ಇನ್ನೂ ಸಿಟ್ಟಿನ ದನಿಯಲ್ಲೇ ಕೇಳಿದಳು:

"ಸಹಿ ವಿಷಯ ಏನಂದ್ರಿ?"

"ಮಾಡಿದೋರನ್ನ ಕಣ್ಣಾರೆ ತೋರಿಸಿ ಅನ್ನಿ. ಅವರು ಎಷ್ಟು ಹೊತ್ತು ಸುಮ್ಮನಿರ್ತಾರೆ, ಅದನ್ನ ನೋಡ್ಕೊಳ್ಳಿ."

ಹೆಂಗಸು ಹೊರಟುಹೋದಳು. ಅವಳು ಏಜೆನ್ಸಿಯವರನ್ನು ಹಾಗೆ ಕೇಳಿದಳೋ ಇಲ್ಲವೋ ಎಂಬುದು ಇವಳಿಗೆ ಕೊನೆಗೂ ತಿಳಿಯಲಿಲ್ಲ.